ಭಜನೆಯವರಿಗೆ ಜ್ವರ ಬಂದ ಶ್ರಾವಣ

ಆ ಶುಕ್ರವಾರ ಬೆಳಗ್ಗೆ ಯಲಬುರ್ಗಾದ ಬಸ್ಸಿನಿಂದ ಇಳಿದಾಗ ಉಪಕೇಂದ್ರದ ಕಟ್ಟೆಯ ಮೇಲೆ ಮೂವರು ಮುದುಕರು ಕಂಬಳಿ ಹೊದ್ದು ಕೂತಿದ್ದರು. ಮೂವರಿಗೂ ಜ್ವರ, ಒಣಕೆಮ್ಮು, ಮೈಯೆಲ್ಲ ಬಡಿದು ಹಾಕಿದಂಥ ನೋವು. ಮೂವರಿಗೂ ಹಿಂದಿನ ದಿನವೇ ಶುರುವಾಗಿತ್ತು. ಮೂವರೂ ಹನುಮಪ್ಪನ ಗುಡಿಯಲ್ಲಿ ಶ್ರಾವಣ ಪೂರ್ತಿ ಸಂಜೆ ಭಜನೆ ಮಾಡುವ ಮೇಳದವರು.

ನಾನು ಆ ಊರಿನ ಸಮುದಾಯ ಆರೋಗ್ಯಾಧಿಕಾರಿ. ಊರವರ ಬಾಯಲ್ಲಿ ಬರೀ ಸಿಸ್ಟರ್. ನರ್ಸಿಂಗ್ ಓದುವಾಗ ಒಂದು ಕಾಯಿಲೆ ಊರೊಳಗೆ ಹೇಗೆ ಹಬ್ಬುತ್ತದೆ, ಅದರ ಬೆನ್ನು ಹತ್ತಿ ಮೂಲಕ್ಕೆ ಹೇಗೆ ಹೋಗಬೇಕು ಎಂಬ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾಗಿತ್ತು. ಕೆಲಸಕ್ಕೆ ಸೇರಿದ ಮೇಲೆ ಬಿ.ಪಿ., ಶುಗರ್, ಮಾತ್ರೆ, ರಿಜಿಸ್ಟರ್ ಇವುಗಳಲ್ಲೇ ವರ್ಷಗಳು ಕಳೆದಿದ್ದವು. ಈಗ ಕಟ್ಟೆಯ ಮೇಲೆ ಒಂದೇ ಗುಂಪಿನ ಮೂವರು ಒಂದೇ ದಿನ ಜ್ವರ ಬಂದು ಕೂತಿದ್ದಾರೆ. ನಾಚಿಕೆಯಿಂದಲೇ ಹೇಳುತ್ತೇನೆ, ಅವರ ಬೆರಳಿಗೆ ಆಕ್ಸಿಮೀಟರ್ ಹಾಕುವಾಗ ನನ್ನ ಎದೆ ಖುಷಿಗೆ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ನಮ್ಮ ಆಶಾ ಕಾರ್ಯಕರ್ತೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಊರಿನ ಪ್ರತಿ ಮನೆಯ ಒಳಗೂ ಹೊರಗೂ ಬಲ್ಲವಳು. ನಿನ್ನೆ ಭಜನೆ ಅರ್ಧಕ್ಕೇ ನಿಂತಿತೆಂದಳು. ತಬಲಾ ಬಾರಿಸುವವನಿಗೆ ಕೂರಲಾಗಲಿಲ್ಲವಂತೆ. ಇನ್ನೊಬ್ಬ ಮನೆಯಲ್ಲೇ ಮಲಗಿದ್ದಾನೆ. ಅಂದರೆ ಹನ್ನೊಂದು ಜನರ ಮೇಳದಲ್ಲಿ ಐವರು.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಹೆಸರು, ವಯಸ್ಸು, ಜ್ವರ ಶುರುವಾದ ದಿನ, ಬೇರೆ ಕಾಯಿಲೆ, ಉಸಿರಿನ ಲೆಕ್ಕ, ಆಕ್ಸಿಜನ್. ಲಕ್ಷಣ ಫ್ಲೂ ಜ್ವರದ್ದು. ವಯಸ್ಸಾದವರಿಗೆ ಫ್ಲೂ ಬಂದರೆ ಅದು ಬರೀ ನೆಗಡಿಯಲ್ಲ. ಶುಗರ್ ಇದ್ದವರಿಗೆ, ಹೃದಯ ದುರ್ಬಲವಾದವರಿಗೆ, ಬೀಡಿ ಸೇದಿ ಎದೆ ಸವೆದವರಿಗೆ ಅದು ನಾಲ್ಕೈದು ದಿನದಲ್ಲಿ ನ್ಯುಮೋನಿಯಾ ಆಗಬಹುದು. ಜ್ವರ ಇಳಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುವಾಗಲೇ ಉಸಿರು ಏರತೊಡಗುತ್ತದೆ. ಅದಕ್ಕೇ ಒಂದೊಂದು ಗಂಟೆಗೂ ಬೆಲೆಯಿರುತ್ತದೆ.

ಗುಡಿಗೆ ಹೋಗಿ ನೋಡಿದೆವು. ಭಜನೆ ನಡೆಯುವ ಕೋಣೆ ತಗ್ಗು ಮಾಳಿಗೆಯದು, ಇರುವುದು ಒಂದೇ ಕಿಟಕಿ. ಆ ವಾರ ಜಿಟಿಜಿಟಿ ಮಳೆ, ಜೊತೆಗೆ ಗಾಳಿ. ಕಿಟಕಿ ಬಾಗಿಲು ಎರಡನ್ನೂ ಮುಚ್ಚಿಕೊಂಡೇ ಹಾಡುತ್ತಿದ್ದರು. ಯಾರು ಎಲ್ಲಿ ಕೂರುತ್ತಾರೆಂದು ಆಶಾ ಅಕ್ಕ ಹೇಳುತ್ತಾ ಹೋದಳು, ನಾನು ಹಾಳೆಯ ಮೇಲೆ ಗುಂಡು ಗುಂಡಾಗಿ ಗುರುತು ಹಾಕಿದೆ. ಕಾಯಿಲೆ ಬಿದ್ದ ಐವರೂ ಹಾರ್ಮೋನಿಯಂ ಸುತ್ತಲಿನವರು. ಚಿತ್ರ ಅಷ್ಟು ಸ್ಪಷ್ಟವಾಗಿ ಮೂಡಿದ್ದನ್ನು ಕಂಡು ನಾನು ಅಕ್ಕನ ತೋಳು ಹಿಡಿದು ಅಲುಗಾಡಿಸಿದೆ.

ಹಾರ್ಮೋನಿಯಂ ನುಡಿಸುವ ಅಜ್ಜ ಮೇಳದ ಹಿರಿಯ. ಎಪ್ಪತ್ತು ದಾಟಿದೆ, ಬೀಡಿ ಬಿಟ್ಟು ಬಹಳ ವರ್ಷವಾಗಿಲ್ಲ. ಅವನಿಗೂ ಸಣ್ಣಗೆ ಕೆಮ್ಮಿತ್ತು. ಆಕ್ಸಿಜನ್ ತೊಂಬತ್ತನಾಲ್ಕು ತೋರಿಸಿತು, ಇರಬೇಕಾದದ್ದಕ್ಕಿಂತ ತುಸು ಕಡಿಮೆ. ತನಗೇನೂ ಆಗಿಲ್ಲ, ಸಂಜೆಯ ಭಜನೆ ತಪ್ಪಿಸುವಂತಿಲ್ಲ ಎಂದು ನಮ್ಮನ್ನು ಕಳಿಸಿಬಿಟ್ಟ.

ಎಲ್ಲರೂ ಕೂಡಿ ಮುಟ್ಟುವುದು ಏನೆಂದು ಹುಡುಕಿದಾಗ ಸಿಕ್ಕಿದ್ದು ಚಹಾ. ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿ ಇಟ್ಟುಕೊಂಡ ಒಬ್ಬ ಅಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಶ್ರಾವಣದಲ್ಲಿ ದಿನಾ ಸಂಜೆ ಕಿಟ್ಲಿಯಲ್ಲಿ ಚಹಾ ತಂದು ಭಜನೆಯವರಿಗೆ ಪುಕ್ಕಟೆ ಕೊಡುವುದು ಅವಳ ಸೇವೆ. ಆರು ಸ್ಟೀಲ್ ಲೋಟ, ಹನ್ನೊಂದು ಜನ, ತೊಳೆಯಲು ಒಂದೇ ಬಕೆಟ್ ನೀರು. ನನಗೆ ಉತ್ತರ ಸಿಕ್ಕಿತು ಅನಿಸಿತು. ನೇರ ಅಂಗಡಿಗೆ ಹೋಗಿ, ಅಲ್ಲಿ ಕೂತವರ ಎದುರಿಗೇ, ಇವತ್ತಿನಿಂದ ಗುಡಿಗೆ ಚಹಾ ಬೇಡ, ಇದರಿಂದಲೇ ಜ್ವರ ಹಬ್ಬಿರಬಹುದು ಎಂದು ಹೇಳಿಬಂದೆ. ಆಕೆ ಒಲೆಯ ಉರಿ ಸಣ್ಣದು ಮಾಡಿದಳು.

ಮಧ್ಯಾಹ್ನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವೈದ್ಯಾಧಿಕಾರಿ ಬಂದರು. ಕುಷ್ಟಗಿ ಕಡೆಯವರು, ಮಾತು ಕಡಿಮೆ, ಪ್ರಶ್ನೆ ಹೆಚ್ಚು. ನನ್ನ ಪಟ್ಟಿಯನ್ನು ಎರಡು ಸಲ ಓದಿದರು. ಜೊತೆಗೆ ಬಂದ ಲ್ಯಾಬ್ ತಂತ್ರಜ್ಞ ನಾಲ್ವರ ಮೂಗು ಗಂಟಲಿನಿಂದ ಮಾದರಿ ತೆಗೆದು ಗುಲಾಬಿ ದ್ರವದ ಕೊಳವೆಯಲ್ಲಿಟ್ಟ. ಮುಚ್ಚಳ ತಿರುಗಿಸಿ, ಹೆಸರು ಬರೆದು, ಐಸ್ ಪ್ಯಾಕಿನ ಡಬ್ಬಿಗೆ ಹಾಕುವ ಕೆಲಸ ನನ್ನದು. ಡಬ್ಬಿ ಸಂಜೆಯ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಯಿತು.

ಫಲಿತಾಂಶ ಬರುವತನಕ ಕಾಯಬೇಕೇ ಎಂದು ಕೇಳಿದೆ. ಕಾಯುವುದಿಲ್ಲ ಎಂದರು ವೈದ್ಯರು. ಫ್ಲೂ ವಿರುದ್ಧದ ಕ್ಯಾಪ್ಸೂಲ್ ಮೊದಲ ಎರಡು ದಿನದಲ್ಲಿ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದಷ್ಟೂ ಕಡಿಮೆ. ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಕಿಡ್ನಿ ತೊಂದರೆ ಯಾರಿಗಿದೆ ಎಂದು ಕೇಳಿ, ಶುಗರಿನಿಂದ ಕಿಡ್ನಿ ಸೊರಗಿದ ಒಬ್ಬ ಅಜ್ಜನಿಗೆ ಪ್ರಮಾಣ ಇಳಿಸಿ ಬರೆದರು. ಹಾರ್ಮೋನಿಯಂ ಅಜ್ಜ ಮಾತ್ರ ಔಷಧ ಬೇಡವೆಂದು ವೈದ್ಯರನ್ನೂ ಕಳಿಸಿದ. ಭಜನೆ ನಿಲ್ಲಿಸಿ ಅನ್ನಲಿಲ್ಲ. ಜ್ವರ ಕೆಮ್ಮು ಇದ್ದವರು ಮನೆಯಲ್ಲಿರಲಿ, ಉಳಿದವರು ಗುಡಿಯ ಹೊರಗಟ್ಟೆಯ ಮೇಲೆ ತಗಡಿನ ಕೆಳಗೆ ದೂರ ದೂರ ಕೂತು ಹಾಡಲಿ ಅಂದರು. ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿದರು. ಚಹಾದ ಲೋಟ ಹಬ್ಬಿಸಿರಬಹುದು, ಆದರೆ ಊರಿಗೆ ತಂದವರು ಯಾರು? ವಾರದಲ್ಲಿ ಹೊರಗಿನಿಂದ ಯಾರು ಬಂದಿದ್ದರು?

ಹೆಸರುಕಾಳಿನ ಕಾಯಿ ಬಿಡಿಸುವ ಕಾಲ ಅದು. ಮನೆಮಂದಿಯೆಲ್ಲ ಹೊಲದಲ್ಲಿ, ಯಾರೂ ಎಲ್ಲಿಗೂ ಹೋಗಿರಲಿಲ್ಲ, ಯಾರೂ ಬಂದಿರಲಿಲ್ಲ. ಸಂಜೆಯವರೆಗೆ ಮನೆಮನೆ ಕೇಳಿದರೂ ಹೊರಗಿನವರು ಸಿಗಲಿಲ್ಲ.

ಶನಿವಾರ ಬೆಳಗ್ಗೆ ಮೊದಲ ಪೆಟ್ಟು ಫೋನಿನಲ್ಲಿ ಬಂತು. ನಾಲ್ಕು ಕೊಳವೆಗಳಲ್ಲಿ ಎರಡು ದಾರಿಯಲ್ಲಿ ಸೋರಿವೆ, ಪ್ರಯೋಗಾಲಯದವರು ತಿರಸ್ಕರಿಸಿದ್ದಾರೆ. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಎರಡಾದರೂ ಉಳಿದವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಆಶಾ ಅಕ್ಕ ಎರಡನೆಯ ಸುದ್ದಿ ತಂದಳು. ಊರಿನ ಮೇಲೋಣಿಯಲ್ಲಿ ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುವ ಅಜ್ಜಿಗೆ ಜ್ವರ. ಕೆಳಗೇರಿಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ಇನ್ನೊಬ್ಬ ಅಜ್ಜಿಗೂ ಜ್ವರ. ಇಬ್ಬರಿಗೂ ಗುರುವಾರವೇ ಶುರು.

ಇಬ್ಬರೂ ಗುಡಿಗೆ ಹೋಗುವವರಲ್ಲ. ಅಂಗಡಿಯ ಚಹಾ ಕುಡಿದವರಲ್ಲ. ಒಬ್ಬಳಂತೂ ಹೊಸ್ತಿಲು ದಾಟಿ ತಿಂಗಳುಗಳಾಗಿದ್ದವು. ನನ್ನ ಚಹಾದ ಲೆಕ್ಕಾಚಾರ ಅಲ್ಲೇ ಕುಸಿಯಿತು.

ಅದೇ ಹೊತ್ತಿಗೆ ಚಹಾದ ಅಕ್ಕ ಉಪಕೇಂದ್ರದ ಬಾಗಿಲಿಗೆ ಬಂದು ನಿಂತಳು. ಬೆಳಗಿನಿಂದ ಅಂಗಡಿಗೆ ಒಬ್ಬರೂ ಬಂದಿರಲಿಲ್ಲವಂತೆ. ಗಂಡ ಸತ್ತವಳು ಗುಡಿಯೊಳಗೆ ಕಾಲಿಟ್ಟದ್ದಕ್ಕೇ ಹಿಂಗಾಯಿತು ಎಂದು ಯಾರೋ ಆಡಿದ್ದರಂತೆ. ಕೈಯಲ್ಲೊಂದು ಲೋಟ ಹಿಡಿದಿದ್ದಳು. ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದಳು: "ಇದರಾಗ ಏನೈತಿ ನೋಡ್ರಿ ಸಿಸ್ಟರ್. ನಿಮ್ಮ ಮಿಶಿನ್ನಿಗೆ ಹಚ್ಚಿ ನೋಡ್ರಿ. ಇದ್ರ ಇದ್ದಂಗ ಹೇಳ್ರಿ, ನಾ ಅಂಗಡಿ ಮುಚ್ಚತೇನಿ."

ಸಂಜೆಯೊಳಗೆ ಹೇಳುತ್ತೇನೆ ಅಂದೆ.

ಅವಳು ಹೋದ ಮೇಲೆ ಇರುವ ರಿಜಿಸ್ಟರುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಭಜನೆಯ ಐವರು, ಹೊರಗೆ ಬರದ ಇಬ್ಬರು ಅಜ್ಜಿಯರು. ಈ ಏಳು ಜನರನ್ನು ಕೂಡಿಸುವ ದಾರ ಎಲ್ಲೋ ಇದೆ. ಜ್ವರ ಗುರುವಾರ ಬಂದಿದೆ ಅಂದರೆ ಅಂಟಿದ್ದು ಒಂದರಿಂದ ಮೂರು ದಿನ ಮುಂಚೆ, ಹೆಚ್ಚಾಗಿ ಮಂಗಳವಾರ. ಮಂಗಳವಾರ ಈ ಏಳೂ ಜನ ಯಾರನ್ನು ಕಂಡಿದ್ದರು? ಬಿ.ಪಿ., ಶುಗರಿನ ರಿಜಿಸ್ಟರ್ ತೆರೆದೆ. ಮಂಗಳವಾರದ ಪುಟದಲ್ಲಿ ಮೊದಲ ಹೆಸರು ಹಾಸಿಗೆ ಹಿಡಿದ ಅಜ್ಜಿಯದು. ಮೂರನೆಯದು ಕೌದಿ ಅಜ್ಜಿಯದು. ಕೆಳಗೆ, ಸಂಜೆಯ ಹೊತ್ತಿನಲ್ಲಿ, ಭಜನಾ ಮೇಳದ ಹನ್ನೊಂದೂ ಹೆಸರು. ಎಲ್ಲವೂ ನನ್ನ ಕೈಬರಹ.

ಮಂಗಳವಾರ ನಾನೊಂದು ಜಾಣತನ ಮಾಡಿದ್ದೆ. ಮುದುಕರು ಪರೀಕ್ಷೆಗೆ ಬರುವುದಿಲ್ಲ, ಭಜನೆಗಾದರೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ ಎಂದು ಆಶಾ ಅಕ್ಕ ಇಲ್ಲದಿದ್ದರೂ ಯಂತ್ರ ಹಿಡಿದು ಗುಡಿಗೆ ಹೋಗಿದ್ದೆ. ಮುಚ್ಚಿದ ಬಾಗಿಲೊಳಗೆ, ಹಾರ್ಮೋನಿಯಂ ಪಕ್ಕದಲ್ಲಿ ಒಂದೂವರೆ ತಾಸು ಕೂತು ಒಬ್ಬೊಬ್ಬರ ತೋಳಿಗೆ ಪಟ್ಟಿ ಕಟ್ಟಿದ್ದೆ. ಹಿಂದಿನ ಭಾನುವಾರ ನಾನು ಗಂಗಾವತಿ ಕಡೆಯ ಮರಳಿ ಊರಿನಲ್ಲಿ, ನನ್ನ ಒಡಹುಟ್ಟಿದ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಮಗುವಿಗೆ ಮೂಗು ಸೋರುತ್ತಿತ್ತು, ಎತ್ತಿಕೊಂಡೇ ಇದ್ದೆ. ಸೋಮವಾರ ಗಂಗಾವತಿ, ಕೊಪ್ಪಳ ಹಾದು ಯಲಬುರ್ಗಾಕ್ಕೆ ಬಂದೆ. ಮಂಗಳವಾರ ಗಂಟಲು ಕೆರೆತ. ಬುಧವಾರ ಮೈ ಬೆಚ್ಚಗಾಗಿತ್ತು. ಒಂದು ಪ್ಯಾರಾಸಿಟಮಾಲ್ ನುಂಗಿ, ಬಸ್ಸಿನ ಧೂಳು ಎಂದು ಕೆಲಸ ಮಾಡಿದ್ದೆ. ಹೊರಗಿನಿಂದ ಬಂದವರು ಯಾರೆಂದು ಮನೆಮನೆ ಕೇಳುತ್ತಾ ಹೋದವಳು ನಾನು. ದಿನಾ ಹೊರಗಿನಿಂದ ಬರುವವಳೂ ನಾನೇ.

ಹೋದ ವರ್ಷ ಸಿಬ್ಬಂದಿಗೆಂದು ಫ್ಲೂ ಲಸಿಕೆ ಬಂದಾಗ ನಾಳೆ ಸರ್ವೇ ಇದೆ, ತೋಳು ನೋಯುತ್ತದೆ ಎಂದು ತಪ್ಪಿಸಿಕೊಂಡಿದ್ದೂ ಆಗ ನೆನಪಾಯಿತು.

ಆಶಾ ಅಕ್ಕ ಪಕ್ಕದಲ್ಲೇ ಕೂತಿದ್ದಳು. ಪುಟವನ್ನು ಅವಳ ಕಡೆ ತಿರುಗಿಸಿ, ನನ್ನ ಗಂಟಲು ಕೆರೆತದ ಮಾತನ್ನೂ ಹೇಳಿದೆ. ಅವಳು ಓದಿದಳು, ನನ್ನ ಮುಖ ನೋಡಿದಳು, ಪುಟ ಮುಚ್ಚಿದಳು. "ಇದು ನಿಮಗ ನನಗ ಬಿಟ್ರ ಯಾರಿಗೂ ಗೊತ್ತಿಲ್ರಿ ಮೇಡಮ್ಮಾರ," ಅಂದಳು. ನನ್ನ ಮೇಲಿನ ಮಮತೆಯಿಂದಲೇ ಅಂದಳು. ಒಂದು ಕ್ಷಣ ನನಗೂ ಅದು ಸಾಕು ಅನಿಸಿತು.

ಆದರೆ ಆ ರಿಜಿಸ್ಟರಿನಲ್ಲಿ ಇನ್ನೂ ಹೆಸರುಗಳಿದ್ದವು. ಮಂಗಳವಾರದಿಂದ ಗುರುವಾರದವರೆಗೆ ನಾನು ಮುಟ್ಟಿದ ಮುದುಕರೆಲ್ಲ ಅಲ್ಲಿದ್ದರು. ಜ್ವರ ತಂದವಳು ನಾನಾಗಿದ್ದರೆ ಮುಂದೆ ಯಾರಿಗೆ ಬರಬಹುದೆಂಬ ಪಟ್ಟಿಯೂ ನನ್ನ ಕೈಯಲ್ಲೇ ಇದೆ. ಅದನ್ನು ಮುಚ್ಚಿಟ್ಟರೆ ಅವರನ್ನು ಹುಡುಕುವ ದಾರಿಯೂ ಮುಚ್ಚುತ್ತದೆ. ವೈದ್ಯರಿಗೆ ಫೋನ್ ಮಾಡಿದೆ. ಅವರು ಒಂದೊಂದೇ ದಿನದ ಲೆಕ್ಕ ಕೇಳಿ, ಖಚಿತವಾಗಿ ಹೇಳಲು ಆಗುವುದಿಲ್ಲ, ಆದರೆ ದಿನಗಳು ಕೂಡುತ್ತವೆ ಅಂದರು. "ಪಟ್ಟಿಯ ಮೊದಲ ಸಾಲಿನಾಗ ನಿನ್ನ ಹೆಸರು ಬರಿ. ಆಮ್ಯಾಲ ನೀ ಮುಟ್ಟಿದವರನ್ನ ಹುಡುಕು. ಮಾಸ್ಕ್ ಹಾಕ್ಕೊ, ಮನಿ ಒಳಗ ಹೋಗಬ್ಯಾಡ." ಬೈಯಲಿಲ್ಲ. ಊರಿಗೆ ಹೇಳುವುದು ಬಿಡುವುದು ನನಗೇ ಬಿಟ್ಟದ್ದು ಎಂಬಂತೆ ಆ ಮಾತನ್ನೇ ಎತ್ತಲಿಲ್ಲ.

ಮತ್ತೆ ಶುರುವಾಯಿತು ಓಟ. ಮೊದಲಿನದಕ್ಕಿಂತ ಜೋರಾದ ಓಟ. ಆಶಾ ಅಕ್ಕ ಮನೆಯೊಳಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿ ಅಂಕಿ ಕೂಗುತ್ತಿದ್ದಳು, ನಾನು ಅಂಗಳದಲ್ಲಿ ನಿಂತು ಬರೆಯುತ್ತಿದ್ದೆ. ಉಸಿರು ಎಣಿಸಲು ಅವಳಿಗೆ ಗಡಿಯಾರದ ಮುಳ್ಳು ತೋರಿಸಿ ಕಲಿಸಿದೆ. ಎರಡನೆಯ ಮನೆ ಮುಗಿಯುವಷ್ಟರಲ್ಲಿ ಅವಳು ನನಗಿಂತ ಚುರುಕಾದಳು. ಮುಟ್ಟಸಂಜೆಗೆ ಮುಂಚೆ ಇಬ್ಬರು ಸಿಕ್ಕರು. ಒಬ್ಬರಿಗೆ ಅಂದು ಬೆಳಗ್ಗೆಯಷ್ಟೇ ಮೈ ಬೆಚ್ಚಗಾಗಿತ್ತು, ಇನ್ನೊಬ್ಬರಿಗೆ ಆಗ ತಾನೇ ಕೆಮ್ಮು ಶುರುವಾಗಿತ್ತು. ವೈದ್ಯರು ಇವರನ್ನೂ ಜ್ವರ ಬಂದ ಅಜ್ಜಿಯರಿಬ್ಬರನ್ನೂ ವಿಡಿಯೋ ಕರೆಯಲ್ಲಿ ನೋಡಿ ಕ್ಯಾಪ್ಸೂಲ್ ಹೇಳಿದರು. ಹೊಸ ಇಬ್ಬರಿಗೂ ಮೊದಲ ದಿನವೇ ಔಷಧ ಒಳಗೆ ಹೋಯಿತು. ಜ್ವರ ನಮ್ಮ ಮುಂದೆ ಓಡುತ್ತಿತ್ತು, ಈಗ ನಾವು ಅದರ ಮುಂದೆ ಎಂದು ಅಕ್ಕನಿಗೆ ಹೇಳಿದೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟುತ್ತಾ ನಕ್ಕಳು. ಆ ಗಡಿಬಿಡಿಯಲ್ಲಿ ಚಹಾದ ಅಕ್ಕನಿಗೆ ಕೊಟ್ಟ ಮಾತನ್ನು ನಾನು ನಡೆಸಲಿಲ್ಲ. ನಿಜ ಹೇಳಬೇಕೆಂದರೆ ಆ ಕಡೆ ಹೋಗಲು ಕಾಲು ಬರಲಿಲ್ಲ.

ಭಾನುವಾರ ಬೆಳಗ್ಗೆ ಹಾರ್ಮೋನಿಯಂ ಅಜ್ಜನ ಮಗ ಫೋನ್ ಮಾಡಿದ. ನಾನು ಬಂದಾಗ ಅಜ್ಜ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದ. ಆಕ್ಸಿಜನ್ ಎಂಬತ್ತೆಂಟು, ನಿಮಿಷಕ್ಕೆ ಮೂವತ್ತೆರಡು ಉಸಿರು. ಶುಕ್ರವಾರ ಔಷಧ ಬೇಡವೆಂದು ಕಳಿಸಿದ್ದ ಮನುಷ್ಯ. 108ಕ್ಕೆ ಕರೆ ಮಾಡಿದೆ. ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅಜ್ಜ ಏಳಲಿಲ್ಲ.

ಮಗ ಹೇಳಿದ, ಮೇಳದವರು ಹೇಳಿದರು, ಆಶಾ ಅಕ್ಕ ಕೈ ಹಿಡಿದು ಎಬ್ಬಿಸಲು ನೋಡಿದಳು. ಅಜ್ಜ ಕೈ ಬಿಡಿಸಿಕೊಂಡ. ಆಮೇಲೆ ತಡೆದು ತಡೆದು ಕಾರಣ ಹೇಳಿದ. ಚಹಾದ ಹೆಣ್ಣುಮಗಳು ಗುಡಿಯೊಳಗೆ ಬರಲಿ ಎಂದು ಒಪ್ಪಿಗೆ ಕೊಟ್ಟವನು ಅವನು. ಬ್ಯಾಡ ಅಂದವರ ಮಾತು ಕೇಳಿರಲಿಲ್ಲ. ತಪ್ಪು ನಡೆದಿದೆ, ಹನುಮಪ್ಪ ತೋರಿಸಿದ್ದಾನೆ. ಶ್ರಾವಣ ಮುಗಿಯುವತನಕ ಊರು ಬಿಡದೆ ಇಲ್ಲೇ ಅನುಭವಿಸುತ್ತೇನೆ ಅಂದ.

ಪಡಸಾಲೆಯ ತುಂಬ ಜನ ಇದ್ದರು. ನಾನು ಬಾಗಿಲ ಹೊರಗೆ, ಮಾಸ್ಕಿನೊಳಗೆ. ಆ ಕ್ಷಣದಲ್ಲಿ ಯೋಚಿಸಿ ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ಬಾಯಿಂದ ಮಾತು ಹೊರಬಿತ್ತು.

"ಅಜ್ಜಾರ, ತಪ್ಪು ಆಕೀದಲ್ರಿ. ನಿಮ್ದೂ ಅಲ್ಲ. ಈ ಜ್ವರ ಊರಿಗೆ ತಂದಾಕಿ ನಾ. ಮಂಗಳವಾರ ನಿಮ್ಮ ಬಿ.ಪಿ. ನೋಡಾಕ ಬಂದಾಗ ನನಗ ಗಂಟಲ ಕೆರೀತಿತ್ತು. ಬಾಯಿಗೆ ಮಾಸ್ಕ್ ಹಾಕ್ಕೊಂಡಿದ್ದಿಲ್ಲ. ನಿಮ್ಮ ಬಾಜೂಕ ಕುಂತಿದ್ನಿ."

ಮಗ ಎದ್ದ. ಏನೇನೋ ಅಂದ, ಕೆಲವು ಈಗಲೂ ಕಿವಿಯಲ್ಲಿವೆ. ಅವನದು ಸರಿಯಾದ ಸಿಟ್ಟೇ. ಅಜ್ಜ ಕೈ ಎತ್ತಿ ಅವನನ್ನು ಸುಮ್ಮನಿರಿಸಿದ. ನನ್ನನ್ನೇ ನೋಡುತ್ತಿದ್ದ.

"ಬೇಕಂತ ತಂದೀಯೇನ ತಂಗಿ?"

"ಇಲ್ರಿ ಅಜ್ಜಾರ. ಗೊತ್ತಿರಲಿಲ್ಲ."

ಎರಡು ಮೂರು ಸಲ ಉಸಿರೆಳೆದುಕೊಂಡ. "ಹಂಗಾರ ಹೋಗಿ ಇದ್ನ ಆಕಿ ಅಂಗಡಿ ಮುಂದ ನಿಂತು ಹೇಳು. ನಾಲ್ಕು ಮಂದಿ ಕೇಳೂಹಂಗ ಹೇಳು. ನಾ ಗಾಡಿ ಹತ್ತತೇನಿ."

ಹತ್ತಿದ. ಆಕ್ಸಿಜನ್ ಹಾಕಿಕೊಂಡು ಗಾಡಿ ಕೊಪ್ಪಳದ ಕಡೆ ಹೋಯಿತು, ಮಗನೂ ಜೊತೆಗೆ ಹೋದ. ನಾನು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿಗೆ ಕಾದವರು ಹತ್ತಿಪ್ಪತ್ತು ಜನ ಇದ್ದರು. ಅಂಗಡಿಯ ಬೆಂಚು ಖಾಲಿ. ಶುಕ್ರವಾರ ಎಲ್ಲಿ ನಿಂತು ಚಹಾ ಬೇಡವೆಂದಿದ್ದೆನೋ ಅಲ್ಲೇ ನಿಂತು, ಮಂಗಳವಾರದಿಂದ ನಡೆದದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಈ ಜ್ವರ ಉಸಿರಿನಿಂದ, ಕೆಮ್ಮಿನಿಂದ ಹಬ್ಬುವಂಥದು, ಇವರ ಚಹಾಕ್ಕೂ ಗುಡಿಗೆ ಕಾಲಿಟ್ಟದ್ದಕ್ಕೂ ಸಂಬಂಧವಿಲ್ಲ ಎಂದೆ. ಚಹಾದ ಅಕ್ಕ ಲೋಟ ತೊಳೆಯುತ್ತಲೇ ಇದ್ದಳು. ನಾನು ಮುಗಿಸಿದ ಮೇಲೂ ನನ್ನ ಕಡೆ ನೋಡಲಿಲ್ಲ. ಜನರ ಕಡೆ ನೋಡಿ, "ಕೇಳಿದ್ರಿಲ್ಲ? ಈಗರ ಬಂದು ಕುಂಡ್ರಿ," ಅಂದಳು. ಒಬ್ಬ ಬಂದು ಕೂತ. ಇನ್ನೊಬ್ಬ ಕೂತ. ನನಗೆ ಅವತ್ತು ಅವಳು ಚಹಾ ಕೊಡಲಿಲ್ಲ. ಅದಕ್ಕೆ ಬಹಳ ದಿನ ಹಿಡಿಯಿತು.

ಉಳಿದ ಎರಡು ಕೊಳವೆಗಳ ಫಲಿತಾಂಶ ಬಂದಾಗ ಎರಡೂ ಇನ್‌ಫ್ಲುಯೆಂಜಾ. ನಾವು ಮುಂಚಿತವಾಗಿ ಹಿಡಿದ ಇಬ್ಬರೂ ಮೂರೇ ದಿನದಲ್ಲಿ ಎದ್ದು ಓಡಾಡಿದರು. ಭಜನೆಯವರು ವಾರದಲ್ಲಿ ಚೇತರಿಸಿಕೊಂಡರು. ಹಾಸಿಗೆ ಹಿಡಿದ ಅಜ್ಜಿ, ನಾನು ಯಾರಿಗಾಗಿ ಎಲ್ಲರಿಗಿಂತ ಹೆಚ್ಚು ಹೆದರಿದ್ದೆನೋ ಅವಳು, ಸುಮ್ಮನೆ ಪಾರಾದಳು. ಗಟ್ಟಿಮುಟ್ಟಾಗಿದ್ದ ಕೌದಿ ಅಜ್ಜಿಯೇ ತಿಂಗಳುಗಟ್ಟಲೆ ನಿತ್ರಾಣಳಾಗಿ, ಸೂಜಿಗೆ ದಾರ ಪೋಣಿಸಲೂ ಕೈ ನಡುಗುತ್ತದೆ ಎನ್ನುತ್ತಿದ್ದಳು. ಹಾರ್ಮೋನಿಯಂ ಅಜ್ಜ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಅವನು ಬಂದ ಸಂಜೆ ನಾನು ದೂರದಿಂದಲೇ ನೋಡಿದೆ. ಕಟ್ಟೆಯ ಮೇಲೆ ಕೂತಿದ್ದ, ಹಾಡಲಿಲ್ಲ, ತಾಳ ಮಾತ್ರ ಹಾಕುತ್ತಿದ್ದ.

ಆ ತಿಂಗಳ ಕೊನೆಗೆ ಯಲಬುರ್ಗಾದಲ್ಲಿ ತಾಲೂಕಿನ ಆರೋಗ್ಯ ಸಿಬ್ಬಂದಿಯ ಸಭೆಯಲ್ಲಿ ಈ ಪ್ರಕರಣ ಓದಬೇಕಾಯಿತು. ಮೊದಲ ಸಾಲು ನನ್ನ ಹೆಸರು ಎಂದು ಓದಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ತಮಾಷೆ ಎಂದುಕೊಂಡು. ಓದಿ ಮುಗಿಸಿದ ಮೇಲೆ ನಗು ಇರಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಸಿಸ್ಟರ್ ಒಬ್ಬರು ಎದ್ದು ನಿಂತರು. ಹೋದ ವಾರ ತಮಗೂ ಜ್ವರ ಇತ್ತು, ರಜೆ ಹಾಕಿದರೆ ಗುರಿ ತಪ್ಪುತ್ತದೆ ಎಂದು ಬಾಣಂತಿಯರ ಮನೆಗೆ ಹೋಗಿದ್ದಾಗಿ ಹೇಳಿದರು. ಅವರು ಕೂರುವ ಮುಂಚೆ ಇನ್ನೊಬ್ಬರು ಎದ್ದರು. ಜ್ವರ ಇದ್ದವರು ಮನೆ ಭೇಟಿಗೆ ಹೋಗಬಾರದು, ಅವರ ದಿನದ ಕೆಲಸವನ್ನು ಪಕ್ಕದ ಕೇಂದ್ರದವರು ನೋಡಬೇಕು ಎಂದು ಅಂದೇ ಬರೆದುಕೊಂಡೆವು.

ಮರುವರ್ಷ ಮುಂಗಾರು ಶುರುವಾಗುವ ಮುಂಚೆ ನಮ್ಮ ವೈದ್ಯರು ಹಲವು ಕಡೆ ಅಲೆದು, ಒಂದು ದಾನಿ ಸಂಸ್ಥೆಯನ್ನು ಹಿಡಿದು, ನಮ್ಮ ಊರಿನ ಹಿರಿಯರಿಗೆ ಸಾಕಾಗುವಷ್ಟು ಫ್ಲೂ ಲಸಿಕೆ ತಂದರು. ಪ್ರತಿ ವರ್ಷ ವೈರಸ್ ವೇಷ ಬದಲಿಸುತ್ತದೆ, ಅದಕ್ಕೇ ಲಸಿಕೆಯೂ ವರ್ಷವರ್ಷ ಬೇಕು, ಹಾಕಿದ ಮೇಲೆ ರಕ್ಷಣೆ ಬರಲು ಎರಡು ವಾರ ಬೇಕು ಎಂದು ಆಶಾ ಅಕ್ಕ ಮನೆಮನೆಗೆ ಹೇಳಿ ಬಂದಿದ್ದಳು. ಲಸಿಕೆ ಹಾಕುವ ದಿನ ಪೆಟ್ಟಿಗೆಯ ಉಷ್ಣತೆ ನಾನು ಮೂರು ಸಲ ನೋಡಿದೆ. ಲಸಿಕೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಅದಕ್ಕೇ ಐಸ್ ಪ್ಯಾಕುಗಳನ್ನು ಬೆವರಿಳಿಯುವತನಕ ಹೊರಗಿಟ್ಟೇ ತುಂಬಿದ್ದೆವು. ಹೊತ್ತೇರುವ ಮುಂಚೆಯೇ ಶಾಲೆಯ ಜಗಲಿ ತುಂಬಿತು. ಆದರೆ ಮೊದಲ ಕುರ್ಚಿಗೆ ಯಾರೂ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು.

ಕೌದಿ ಅಜ್ಜಿ ಕೋಲೂರಿಕೊಂಡು ಎದ್ದಳು. ಕುರ್ಚಿಯ ತನಕ ಬಂದು, ಕೂರದೆ, ನನ್ನನ್ನು ಮೇಲೆ ಕೆಳಗೆ ನೋಡಿದಳು.

"ನೀ ಹಾಕ್ಕೊಂಡೀಯೇನ?"

ಎಲ್ಲರದೂ ಮುಗಿದ ಮೇಲೆ ಹಾಕಿಸಿಕೊಳ್ಳುತ್ತೇನೆ ಅಂದೆ.

"ಆಮ್ಯಾಲ ಅಲ್ಲ, ಈಗ. ನಾ ನೋಡೂಹಂಗ."

ಪಕ್ಕದ ಕೇಂದ್ರದ ಸಿಸ್ಟರ್ ಸಿರಿಂಜ್ ತೆಗೆದರು. ಅಜ್ಜಿಗಾಗಿ ಇಟ್ಟಿದ್ದ ಕುರ್ಚಿಯಲ್ಲಿ ನಾನು ಕೂತು ತೋಳು ಮೇಲೇರಿಸಿದೆ. ಜಗಲಿಯಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಸೂಜಿ ಹೊರಬಂದ ಮೇಲೆ ಅಜ್ಜಿ ಬಗ್ಗಿ, ಚುಚ್ಚಿದ ಜಾಗವನ್ನು ಕಣ್ಣಿಗೆ ಹತ್ತಿರ ಇಟ್ಟು ನೋಡಿದಳು. ಹತ್ತಿ ಎತ್ತಿಸಿ ರಕ್ತದ ಚುಕ್ಕೆ ಕಂಡ ಮೇಲೆಯೇ ಅವಳಿಗೆ ನಂಬಿಕೆ ಬಂತು.

"ಹೂಂ. ಏಳು ಇನ್ನ," ಅಂದಳು. ಕೋಲನ್ನು ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಕುಪ್ಪಸದ ತೋಳು ಮೇಲೆ ಸರಿಸತೊಡಗಿದಳು. ಅವಳ ಹಿಂದೆ ಜಗಲಿಯೇ ಎದ್ದು ಸಾಲು ನಿಂತಿತು.